ಹುಳ ಸತ್ತದ್ದು ನನ್ನಿಂದಲ್ಲ

ಈ ಹುಳದ ಗಲಾಟೆ ಆದಾಗ ನನಗೆ ಅರವತ್ತು ದಾಟಿ ಒಂದೆರಡು ವರ್ಷ ಆಗಿದ್ದಿರಬೇಕು. ಅದಾಗಿ ಈಗ ಆರು ವರ್ಷ. ಹುಟ್ಟಿದ ತಾರೀಕು ಬರೆದಿಟ್ಟವರು ಯಾರೂ ಇಲ್ಲ, ಆದ್ದರಿಂದ ವಯಸ್ಸಿನ ಬಗ್ಗೆ ಯಾರೂ ಜಗಳಕ್ಕೆ ಬರಬೇಡಿ. ಶಾಲೆಗೆ ಹೋದದ್ದು ಎರಡನೇ ಕ್ಲಾಸಿನವರೆಗೆ. ಅಕ್ಷರ ಕೂಡಿಸಿ ಓದುತ್ತೇನೆ, ಬರೆದರೆ ಬೆರಳು ನೋಯುತ್ತದೆ.

ನಮ್ಮ ಊರು ರೇಷ್ಮೆ ಗೂಡಿನ ಮಾರ್ಕೆಟ್ಟಿರುವ ವಿಜಯಪುರದಿಂದ ಆಚೆ. ಅಲ್ಲಿ ರೇಷ್ಮೆ ಹುಳ ಸಾಕುವ ಒಬ್ಬರ ಮನೆಯಲ್ಲಿ ನಾನು ಕೂಲಿಗೆ ಇದ್ದೆ. ಹಿಪ್ಪುನೇರಳೆ ಸೊಪ್ಪು ಕುಯ್ಯುವುದು, ಹುಳಕ್ಕೆ ಹಾಕುವುದು, ಕಸ ತೆಗೆಯುವುದು. ಹುಳದ ಮನೆಗೆ ಎಲ್ಲರನ್ನೂ ಬಿಡುವುದಿಲ್ಲ. ಸೂತಕದವರು, ಕಣ್ಣು ಕೆಟ್ಟದ್ದು ಅನ್ನಿಸಿಕೊಂಡವರು ಬಾಗಿಲ ಆಚೆಯೇ ನಿಲ್ಲಬೇಕು. ನನ್ನನ್ನು ಮಾತ್ರ ಎಷ್ಟೋ ವರ್ಷ ಕರೆದು ಒಳಗೆ ಬಿಟ್ಟಿದ್ದರು. ಗಂಡ ಸತ್ತವಳು ಅಂತಲೂ ನೋಡಿರಲಿಲ್ಲ. ನನ್ನ ಕೈಯಲ್ಲಿ ಬೆಳೆ ಚೆನ್ನಾಗಿ ಆಗುತ್ತದೆ ಅನ್ನುತ್ತಿದ್ದರು.

ನಾನು ಯೇಸು ಸ್ವಾಮಿಯ ಕಡೆ ಹೋದದ್ದು ಮಗಳು ಹೆರಿಗೆಯಲ್ಲಿ ಸತ್ತ ವರ್ಷ. ನಮ್ಮ ಬೀದಿಯ ಕೊನೆಯ ಮನೆಯ ಹೆಂಗಸೊಬ್ಬಳು ದಿನಾ ಬಂದು ಗಂಜಿ ಕಾಯಿಸಿ ಕೊಟ್ಟಳು. ಬೋಧನೆ ಮಾಡಲಿಲ್ಲ. ಪಾತ್ರೆ ತೊಳೆದಿಟ್ಟು ಹೋಗುತ್ತಿದ್ದಳು. ಭಾನುವಾರ ನೀನು ಎಲ್ಲಿಗೆ ಹೋಗುತ್ತೀಯ ಎಂದು ನಾನೇ ಕೇಳಿ ಅವಳ ಹಿಂದೆ ಪ್ರಾರ್ಥನೆ ಸಭೆಗೆ ಹೋದೆ. ನನಗೆ ಅಕ್ಕಿ ಕೊಟ್ಟರು, ದುಡ್ಡು ಕೊಟ್ಟರು ಎಂದು ಊರಲ್ಲಿ ಹೇಳುತ್ತಾರೆ. ಕೊಟ್ಟಿದ್ದರೆ ಆ ವಯಸ್ಸಿನಲ್ಲಿ ತಲೆ ಮೇಲೆ ಸೊಪ್ಪಿನ ಹೊರೆ ಯಾಕೆ ಹೊರುತ್ತಿದ್ದೆ?

ನಾನು ಹೇಳಹೊರಟ ವರ್ಷ ಬಿಡದೆ ಮಳೆ ಹಿಡಿಯಿತು. ಹುಳ ಪೊರೆ ಬಿಡುವುದನ್ನು ನಾವು ಜ್ವರ ಅನ್ನುತ್ತೇವೆ. ನಾಲ್ಕನೇ ಜ್ವರದಿಂದ ಎದ್ದ ಹುಳಕ್ಕೆ ಹಸಿವು ಜಾಸ್ತಿ. ಸೊಪ್ಪು ಒಣಗಿಸಲು ಬಿಸಿಲಿಲ್ಲ, ಜಾಗವಿಲ್ಲ. ಒದ್ದೆ ಸೊಪ್ಪನ್ನೇ ಹಾಕಿದೆವು. ಸಪ್ಪೆ ರೋಗ ಬಂತು. ಹುಳ ಮೆತ್ತಗಾಗಿ, ಕಪ್ಪಾಗಿ, ನಾರಿ ಸತ್ತವು. ನಾನೇ ಮಂಕರಿಯಲ್ಲಿ ತುಂಬಿ ಗುಂಡಿಗೆ ಸುರಿದೆ. ಆ ನಾತ ಹೋಗಲೆಂದು ರಾತ್ರಿ ಬೂದಿ ಹಚ್ಚಿ ಕೈ ತಿಕ್ಕಿದೆ.

ಎರಡು ದಿನಕ್ಕೆಲ್ಲ ಮಾತು ಹುಟ್ಟಿತು. ಶಿಲುಬೆಯವಳು ಒಳಗೆ ಕಾಲಿಟ್ಟಳು, ಅದಕ್ಕೇ ಹೀಗಾಯಿತು ಎಂದು. ತೋಟದಲ್ಲಿ ಜೊತೆಗೆ ಸೊಪ್ಪು ಕುಯ್ಯುವ ಹೆಂಗಸರು ನನ್ನ ಸಾಲು ಬಿಟ್ಟು ಆಚೆ ಸಾಲಿಗೆ ಹೋದರು.

"ಏನಕ್ಕ, ನಿನ್ ಯೇಸು ಬಂದು ಸೊಪ್ಪು ಕುಯ್ಕೊಡ್ತಾನಾ?" ಅಂದಳು ಒಬ್ಬಳು.

"ಆತ ಬಡಗಿ ಕಣೇ, ಸೊಪ್ಪಿನ ಕೆಲ್ಸ ಬರಲ್ಲ," ಅಂದೆ.

ಅವಳು ನಕ್ಕುಬಿಟ್ಟಳು, ಆಮೇಲೆ ಪಕ್ಕದವಳ ಮುಖ ನೋಡಿ ಸೊಪ್ಪಿನ ಕಡೆ ತಿರುಗಿದಳು.

ಯಜಮಾನ ಕೆಟ್ಟವನಲ್ಲ. ನನ್ನ ಮಗಳಷ್ಟೇ ವಯಸ್ಸಿನವನು. ಸಂಜೆ ನಮ್ಮ ಮನೆ ಜಗಲಿಗೆ ಬಂದು ಕೂತ.

"ನೋಡಮ್ಮ, ಸೊಪ್ಪು ಒದ್ದೆ ಇತ್ತು ಅಂತ ನಂಗೂ ಗೊತ್ತು. ಮನೇಲಿ ಕೇಳ್ತಾ ಇಲ್ಲ. ಶುಕ್ರವಾರ ಬಂದು ಹುಳದ ಮನೆ ಮುಂದೆ ಒಂದ್ ಕಾಯಿ ಒಡೆದ್ಬಿಡು. ನನ್ನಿಂದ ಹಿಂಗಾಯ್ತು, ಇನ್ಮೇಲೆ ಆ ಕಡೆ ಹೋಗಲ್ಲ ಅಂತ ಒಂದ್ಮಾತು ಹೇಳ್ಬಿಡು. ಆಮೇಲೆ ಭಾನುವಾರ ನೀನು ಎಲ್ಲಿಗೆ ಹೋಗ್ತೀಯಾ ಅಂತ ನಾನೇನ್ ನೋಡ್ಕೊಂಡ್ ಕೂತಿರ್ತೀನಾ?"

"ಹೇಳ್ದಿದ್ರೆ?"

"ನಿನ್ನ ಒಳಗೆ ಬಿಡಕ್ಕಾಗಲ್ಲ. ಊರಲ್ಲಿ ಬೇರೆ ಯಾರೂ ಬಿಡಲ್ಲ."

ಊರಲ್ಲಿ ನನಗೆ ಬರುವ ಕೆಲಸ ಅದೊಂದೇ. ಯೋಚನೆ ಮಾಡಿದೆ. ನಿಮ್ಮ ಹತ್ತಿರ ಸುಳ್ಳು ಯಾಕೆ, ಆ ಮಾತು ಹೇಳಿಬಿಡೋಣ ಅಂತಲೇ ಮನಸ್ಸಿತ್ತು. ಯೇಸು ಸ್ವಾಮಿಯನ್ನು ಹಿಡಿದ ರಾತ್ರಿ ಬೆಂಕಿ ಕಾಯಿಸಿಕೊಳ್ಳುತ್ತ ಕೂತು ಆತನನ್ನು ಅರಿಯೆ ಅಂದ ಶಿಷ್ಯ ಪೇತ್ರನನ್ನು ನಮ್ಮ ಸಭೆಯವರು ಬೈಯುತ್ತಾರೆ. ನನಗೆ ಬೈಯಲು ಬಾಯಿ ಬರುವುದಿಲ್ಲ. ರಾತ್ರಿಯೆಲ್ಲ ನಿದ್ದೆಗೆಟ್ಟು ಸುಸ್ತಾದ ಮನುಷ್ಯ, ಚಳಿ ಬೇರೆ. ನನಗೂ ಸುಸ್ತಾಗಿತ್ತು.

ಶುಕ್ರವಾರ ಹೋದೆ. ಅಂಗಳದಲ್ಲಿ ಯಜಮಾನ, ಅವನ ತಾಯಿ, ತಮ್ಮ, ಕೂಲಿ ಹೆಂಗಸರು ಎಲ್ಲ ನಿಂತಿದ್ದರು. ತಾಯಿ ನನ್ನ ಕೈಗೆ ಕಾಯಿ ಕೊಟ್ಟಳು. ಕಾಯಿ ಒಡೆಯುವುದು ನನಗೇನೂ ಹೊಸದಲ್ಲ, ಹುಟ್ಟಿದಾಗಿನಿಂದ ಮಾಡಿದ್ದೇ.

"ಹೇಳು," ಅಂದಳು. "ನನ್ ದೆಸೆಯಿಂದ ಹುಳ ಸತ್ವು ಅನ್ನು."

ಬಾಯಿ ತೆರೆದೆ. ಆ ಮಾತು ಬರಲಿಲ್ಲ. ಸಭೆಗೆ ಹೋಗಲ್ಲ ಎಂದು ಹೇಳಿಬಿಡುತ್ತಿದ್ದೆನೋ ಏನೋ. ಆದರೆ ಆ ಹುಳಗಳನ್ನು ರಾತ್ರಿ ಎದ್ದು ನೋಡಿಕೊಂಡವಳು ನಾನು. ನಾನು ಕೊಂದೆ ಎಂದು ನಾನೇ ಹೇಗೆ ಹೇಳಲಿ? ಒಮ್ಮೆ ಹೇಳಿದರೆ ಯೇಸು ಸ್ವಾಮಿ ಪೀಡೆ ಎಂದೂ ಒಪ್ಪಿದ ಹಾಗೆ ಆಯಿತು. ಮಗಳು ಸತ್ತಾಗ ಬಂದು ಗಂಜಿ ಕಾಯಿಸಿ ಕೊಟ್ಟವಳೂ ಪೀಡೆ ಎಂದ ಹಾಗೆ ಆಯಿತು.

"ಸೊಪ್ಪು ಒದ್ದೆ ಇತ್ತು ಕಣಮ್ಮ," ಅಂದೆ. "ನನ್ನಿಂದ ಸಾಯ್ಲಿಲ್ಲ." ಕಾಯಿಯನ್ನು ಜಗಲಿ ಮೇಲೆ ಇಟ್ಟೆ.

ಯಜಮಾನನ ತಮ್ಮ ಮುಂದೆ ಬಂದು ಕೆನ್ನೆಗೆ ಬಾರಿಸಿದ. ನನಗೆ ಇದ್ದ ನಾಲ್ಕು ಹಲ್ಲಿನಲ್ಲಿ ಒಂದು ಅಲ್ಲಾಡಿತು.

ಸ್ವಾಮಿಯನ್ನು ಹಿಡಿದು ವಿಚಾರಣೆ ಮಾಡುವಾಗ ಜವಾನನೊಬ್ಬ ಹೀಗೇ ಹೊಡೆದ ಎಂದು ಸುವಾರ್ತೆಯಲ್ಲಿದೆ. ತಪ್ಪು ಮಾತಾಡಿದ್ದರೆ ತೋರಿಸು, ಇಲ್ಲದಿದ್ದರೆ ಯಾಕೆ ಹೊಡೆದೆ ಎಂದು ಆತ ಕೇಳಿದ. ಇನ್ನೊಂದು ಕೆನ್ನೆ ಕೊಡು ಎಂದು ಹೇಳಿದ್ದವನೇ ಅಲ್ಲಿ ಬಾಯಿಬಿಟ್ಟು ಕೇಳಿದ. ಆ ಜಾಗ ಓದಿದಾಗಲೇ ನನಗೆ ಆತ ಹಿಡಿಸಿದ್ದು. ಆದ್ದರಿಂದ ನಾನೂ ಕೇಳಿದೆ.

"ಏನಪ್ಪಾ, ನಾನ್ ಹೇಳಿದ್ ಸುಳ್ಳಾ? ಸುಳ್ಳಾದ್ರೆ ತೋರ್ಸು. ನಿಜ ಆದ್ರೆ ಯಾಕ್ ಹೊಡ್ದೆ?"

"ಬಾಯಿ ನೋಡು ಮುದ್ಕೀದು," ಅಂದ ಅವನು. ಯಜಮಾನ ನೆಲ ನೋಡುತ್ತಿದ್ದ. ನಾನು ಹೊರಟು ಬಂದೆ. ಯಾರೂ ತಡೆಯಲಿಲ್ಲ, ಯಾರೂ ಜೊತೆಗೂ ಬರಲಿಲ್ಲ.

ಸಂಜೆ ಗಂಜಿ ಕೊಟ್ಟವಳ ಮನೆಯಲ್ಲಿ ನಾವು ನಾಲ್ಕು ಹೆಂಗಸರು ಸೇರಿದೆವು. ಸಭೆ ನಡೆಸುತ್ತಿದ್ದ ಪಾಸ್ಟರ್ ಬೈಕನ್ನು ಯಾರೋ ಕೆರೆಗೆ ತಳ್ಳಿದ ಮೇಲೆ ಅವರು ಬರುವುದು ನಿಂತಿತ್ತು.

"ಸಂತೋಷ ಪಡ್ಬೇಕು ಅಕ್ಕ, ಪರಲೋಕದಲ್ಲಿ ಇದಕ್ಕೆ ಫಲ ಇದೆ," ಅಂದಳು ಅವರಲ್ಲಿ ಚಿಕ್ಕವಳು.

"ಕೆನ್ನೆ ಇತ್ಲಾಗ್ ತಾ. ನಾನೊಂದು ಕೊಡ್ತೀನಿ, ಆಮೇಲೆ ನೀನು ಸಂತೋಷ ಪಡು," ಅಂದೆ.

ಸ್ವಾಮಿ ಸಾಯುವ ಹಿಂದಿನ ರಾತ್ರಿ ತೋಟದಲ್ಲಿ ಬೆವರಿ, ಈ ನೋವಿನ ಬಟ್ಟಲು ನನಗೆ ಬೇಡ, ಆಗುವುದಾದರೆ ತೆಗೆದುಬಿಡು ಎಂದು ತಂದೆಯನ್ನು ಬೇಡಿಕೊಂಡ ಜಾಗ ಓದು ಎಂದೆ. ಅವಳು ಓದಿದಳು. ಶಿಷ್ಯರು ನಿದ್ದೆ ಹೋದರು ಎಂಬಲ್ಲಿಗೆ ಬರುವಾಗ ನಮ್ಮಲ್ಲೇ ಒಬ್ಬಳು ಗೋಡೆಗೆ ಒರಗಿ ಗೊರಕೆ ಹೊಡೆಯುತ್ತಿದ್ದಳು, ಬೆಳಗಿನಿಂದ ಕಳೆ ಕಿತ್ತು ಬಂದವಳು. ನಾವು ಎಬ್ಬಿಸಲಿಲ್ಲ. ನನ್ನಿಂದ ಆಗದು ಎಂದು ಸ್ವಾಮಿಯೂ ಹೇಳಿದ್ದ, ಆಮೇಲೆ ಎದ್ದು ಹಿಡಿಯಲು ಬಂದವರ ಎದುರಿಗೆ ಹೋಗಿದ್ದ. ನನಗೆ ಅಷ್ಟು ಸಾಕಾಯಿತು. ಅದಕ್ಕಿಂತ ದೊಡ್ಡ ಧೈರ್ಯ ಏನೂ ಬರಲಿಲ್ಲ.

ಮಾರನೇ ಬೆಳಿಗ್ಗೆ ಮೊದಲನೇ ಬಸ್ಸಿಗೆ ವಿಜಯಪುರಕ್ಕೆ ಹೋಗಿ, ಗೂಡು ಬೇಯಿಸಿ ನೂಲು ತೆಗೆಯುವ ಒಂದು ಶೆಡ್ಡಿನ ಬಾಗಿಲಲ್ಲಿ ನಿಂತು ಕೆಲಸ ಕೇಳಿದೆ. ಶೆಡ್ಡಿನ ಸಾಬರು ಊದಿದ ನನ್ನ ಕೆನ್ನೆ ನೋಡಿದರು, ಕೈ ನೋಡಿದರು.

"ಬಿಸಿನೀರಿಗೆ ಕೈ ಹಾಕ್ಬೇಕಾಗ್ತದೆ ಅಮ್ಮಾ, ಆಗ್ತದಾ?" ಅಂದರು.

ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಗೂಡು ಬೇಯುತ್ತಿದ್ದ ತೊಟ್ಟಿಯ ಮುಂದೆ ಕೂತೆ.