ಸಾಹೇಬರು ತಿಂದ ಎಲೆ

ಇವತ್ತು ಬೆಳಗ್ಗೆ ನಮ್ಮ ಊರಿನ ಸಂತೆಪೇಟೆಯಲ್ಲಿ ಹೆಣ್ಣುಮಕ್ಕಳ ಶೌಚಾಲಯದ ಬೀಗ ತೆಗೆದರು. ತೆಗೆಸಿದವಳು ನನ್ನ ಮೊಮ್ಮಗಳು ಪೂರ್ಣಿಮಾ. ರಿಬ್ಬನ್ ಕತ್ತರಿಸಿದವಳು ನನ್ನ ಸೊಸೆ ರತ್ನವ್ವ. ಚಪ್ಪಾಳೆ ತಟ್ಟಿ ತಟ್ಟಿ ಅಂಗೈ ಕೆಂಪು ಮಾಡಿಕೊಂಡು ಬಂದವಳು ನಾನು.

ನಗುವವರು ಈಗಲೇ ನಕ್ಕುಬಿಡಿ. ಮೊಮ್ಮಗಳು ಡಾಕ್ಟರಾದಳು, ಮೊಮ್ಮಗ ಪೊಲೀಸನಾದ ಎಂದು ಜನ ಪೇಡೆ ಹಂಚುತ್ತಾರೆ, ಈ ಮುದುಕಿ ಸಂಡಾಸಿನ ಬಾಗಿಲು ತೆರೆಯಿತೆಂದು ಹಂಚಿದ್ದಾಳೆ. ಹಂಚಿದ್ದು ನಿಜ. ಸೆರಗಿಗೆ ಇನ್ನೂ ಫಿನೈಲಿನ ವಾಸನೆ ಹತ್ತಿಕೊಂಡಿದೆ. ಬೇರೆ ದಿನವಾದರೆ ಮೂಗು ಮುಚ್ಚುತ್ತಿದ್ದೆ. ಇವತ್ತು ಇದನ್ನು ಬರೆಯುತ್ತ ಕುಳಿತವಳು ನಡುನಡುವೆ ಸೆರಗನ್ನು ಮೂಗಿಗೆ ಹಿಡಿದು ನೋಡುತ್ತಿದ್ದೇನೆ. ಮಲ್ಲಿಗೆ ಮುಡಿದ ದಿನವೂ ಇಷ್ಟು ಮೂಸಿರಲಿಲ್ಲ.

ನಮ್ಮ ಊರು ಯಾವುದೆಂದು ಮಾತ್ರ ಕೇಳಬೇಡಿ. ಶಿಗ್ಗಾಂವಿಯಿಂದ ಹಾನಗಲ್ಲಿಗೆ ಹೋಗುವ ಬಸ್ಸು ಚಹಾ ಕುಡಿಯಲು ನಿಲ್ಲುತ್ತದಲ್ಲ, ಅಂಥ ಒಂದು ಊರು ಎಂದುಕೊಳ್ಳಿ. ಹೆಸರು ಬರೆದರೆ ಪಟ್ಟಣ ಪಂಚಾಯಿತಿಯವರು ಓದಿ, ಸಿಟ್ಟಿಗೆದ್ದು, ಮತ್ತೆ ಬೀಗ ಜಡಿದಾರು. ನಾನು ಹುಟ್ಟಿದ್ದು ಸವಣೂರಿನಲ್ಲಿ, ವೀಳ್ಯದೆಲೆ ತೋಟದವರ ಮನೆಯಲ್ಲಿ. ಮೂರನೇ ಇಯತ್ತೆಗೆ ನನ್ನ ಶಾಲೆ ಮುಗಿಯಿತು, ಎಲೆ ಜೋಡಿಸುವ ಕೆಲಸ ಮುಗಿಯಲಿಲ್ಲ. ಇವತ್ತಿಗೂ ತವರಿನ ತೋಟದಿಂದ ಒದ್ದೆ ಗೋಣಿತಟ್ಟಿನಲ್ಲಿ ಸುತ್ತಿದ ಎಲೆಯ ಪೆಂಡಿ ಬಸ್ಸಿನಲ್ಲಿ ಬರುತ್ತದೆ, ನಮ್ಮ ಅಂಗಡಿ ನಡೆಯುತ್ತದೆ. ಅಂಗಡಿ ಎಂದರೆ ಸಂತೆಪೇಟೆಯ ಬೇವಿನ ಮರದ ಕೆಳಗೆ ಒಂದು ಕಟ್ಟೆ, ಮೇಲೆ ಒಂದು ತಗಡು. ಮೊದಲು ನಾನು ಕೂರುತ್ತಿದ್ದೆ. ನನ್ನ ಮೊಣಕಾಲುಗಳು ಮುಷ್ಕರ ಹೂಡಿದ ಮೇಲೆ ರತ್ನವ್ವ ಕೂತಳು. ಅವಳು ಕೂತ ಮೇಲೆ ವ್ಯಾಪಾರ ಹೆಚ್ಚಿತು. ಇದನ್ನು ಬರೆಯುವಾಗ ನನಗೆ ಸ್ವಲ್ಪ ಹೊಟ್ಟೆಕಿಚ್ಚಾಗುತ್ತಿದೆ, ಆದರೂ ಬರೆದಿದ್ದೇನೆ.

ಈ ರತ್ನವ್ವ ಬೆಳಗ್ಗೆ ಕಟ್ಟೆಗೆ ಹೋದರೆ ಸಂಜೆಯವರೆಗೆ ಒಂದು ಗುಟುಕು ನೀರು ಕುಡಿಯುತ್ತಿರಲಿಲ್ಲ. ಸಂತೆಯಲ್ಲಿ ಕೂತು ಕಾಯಿಪಲ್ಲೆ, ಬಳೆ, ಮೆಣಸಿನಕಾಯಿ ಮಾರುವ ಯಾವ ಹೆಣ್ಣುಮಗಳೂ ಕುಡಿಯುತ್ತಿರಲಿಲ್ಲ. ಕುಡಿದರೆ ಹೋಗುವುದೆಲ್ಲಿ? ಗಂಡಸರಿಗೇನು, ಊರಿನ ಗೋಡೆಗಳೆಲ್ಲ ಅವರವೇ. ಹೀಗೆ ಬಾಯಿ ಒಣಗಿಸಿಕೊಂಡೇ ವರ್ಷಗಳು ಕಳೆದವು. ಹೋದ ವರ್ಷ ಅವಳಿಗೆ ಚಳಿಜ್ವರ ಬಂದು ಬಂದು ಹೋಗತೊಡಗಿತು. ಹಾನಗಲ್ಲಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ಪರೀಕ್ಷೆಯ ಕಾಗದ ನೋಡಿ, ಕನ್ನಡಕ ತೆಗೆದರು.

"ದಿನಾ ತಂಬಿಗಿ ತಂಬಿಗಿ ನೀರು ಕುಡೀಬೇಕವಾ. ಇಲ್ಲಂದ್ರ ಮೂತ್ರಪಿಂಡ ಕೆಟ್ಟು ಹೋಗ್ತಾವು."

"ಸಂತ್ಯಾಗ ಕುಂದ್ರಾಕಿ ಹೆಂಗ ಕುಡೀಲ್ರಿ?"

"ಹಂಗಾದ್ರ ಸಂತಿ ಬಿಡು."

ಬರುವಾಗ ಬಸ್ಸಿನಲ್ಲಿ ಅವಳು ಕಿಟಕಿಯ ಕಡೆ ಮುಖ ಮಾಡಿ ಕೂತವಳು ತಿರುಗಲಿಲ್ಲ. ಊರು ಹತ್ತಿರ ಬಂದಾಗ ಹೇಳಿದಳು: "ಅತ್ತಿ, ನಾ ಕಟ್ಟಿ ಬಿಡಂಗಿಲ್ಲ ನೋಡ್ರಿ. ಅಲ್ಲಿ ಕುಂತಾಗ ಮಂದಿ ನನಗ ರತ್ನವ್ವ ಅಂತಾರ. ಮನ್ಯಾಗ ಕುಂತ್ರ 'ಏ' ಅಂತಾರ."

ಹಾಗೆ ಅನ್ನುವವನು ನನ್ನ ಹೊಟ್ಟೆಯಲ್ಲಿ ಹುಟ್ಟಿದ ಮಗನೇ ಆದ್ದರಿಂದ ನಾನು ಸುಮ್ಮನೆ ಚೀಲ ಹುಡುಕಿದೆ.

ಈಗ ನೀವು ಕೇಳುತ್ತೀರಿ, ಊರಿನಲ್ಲಿ ಶೌಚಾಲಯ ಇರಲಿಲ್ಲವೇ ಎಂದು. ಇತ್ತು. ಅದೇ ತಮಾಷೆ. ನಮ್ಮ ಕಟ್ಟೆಯ ಹಿಂದೆಯೇ ಇತ್ತು. ಗುಲಾಬಿ ಬಣ್ಣ, ಬಿಳಿ ಹಂಚು, ಮೇಲೆ ನೀರಿನ ಟಾಕಿ, ಗೋಡೆಯ ಮೇಲೆ ತುರುಬು ಕಟ್ಟಿದ ಹೆಂಗಸಿನ ಚಿತ್ರ. ಬಾಗಿಲಿಗೆ ಅಡ್ಡಲಾಗಿ ಒಂದು ಕೆಂಪು ರಿಬ್ಬನ್, ರಿಬ್ಬನ್ನಿನ ಹಿಂದೆ ಒಂದು ಬೀಗ. ಉದ್ಘಾಟನೆ ಆಗಿರಲಿಲ್ಲ. ನಮ್ಮ ಕಡೆಯ ದೊಡ್ಡ ಮನುಷ್ಯರು ಶಾಲೆಯ ಕೋಣೆಗೆ ಬರುತ್ತಾರೆ, ಸ್ವಾಗತ ಕಮಾನಿಗೆ ಬರುತ್ತಾರೆ, ಬೋರ್‌ವೆಲ್ಲಿನ ಗುಂಡಿ ಒತ್ತಲೂ ಬರುತ್ತಾರೆ. ಹೆಂಗಸರ ಸಂಡಾಸಿನ ಮುಂದೆ ಕತ್ತರಿ ಹಿಡಿದು ಫೋಟೋಕ್ಕೆ ನಿಲ್ಲಲು ಮಾತ್ರ ಯಾರಿಗೂ ತಾರೀಖು ಸಿಗಲಿಲ್ಲ. ಕಾದು ಕಾದು ರಿಬ್ಬನ್ನು ಬಿಸಿಲಿಗೆ ಬಿಳಿಚಿ, ಗೋಡೆಯ ಬಣ್ಣವೇ ಆಗಿಹೋಯಿತು.

ಇದರ ಬಗ್ಗೆ ಮೊದಲು ಸಿಟ್ಟಿಗೆದ್ದದ್ದು ನಮ್ಮ ನಾಗರಿಕರ ಬಳಗ. ಬಳಗ ಎಂದ ಕೂಡಲೇ ಕುರ್ಚಿ, ಮೈಕು ಎಂದು ಭಾವಿಸಬೇಡಿ. ಸಂಜೆ ಅಂಗಡಿ ಮುಚ್ಚುವ ಹೊತ್ತಿಗೆ ನಮ್ಮ ಕಟ್ಟೆಯ ಮೇಲೆ ಕೂರುವವರೇ ಬಳಗ. ಅಧ್ಯಕ್ಷ ಗುರುಲಿಂಗಪ್ಪ, ಹಿರೇಕೆರೂರು ಡಿಪೋದಿಂದ ನಿವೃತ್ತನಾದ ಕಂಡಕ್ಟರ್. ನಿವೃತ್ತನಾದರೂ ಸೀಟಿ ಬಿಟ್ಟಿಲ್ಲ. ಸಭೆಯಲ್ಲಿ ಯಾರಾದರೂ ಬಹಳ ಮಾತಾಡಿದರೆ ಒಂದು ಸೀಟಿ, ನಿಲ್ಲಿಸಬೇಕು. ಎರಡು ಸೀಟಿ ಊದಿದರೆ ಮುಂದಿನ ವಿಷಯಕ್ಕೆ ಹೊರಡಬೇಕು. ಇನ್ನೊಬ್ಬ ಖಾಜಾಸಾಬ, ಸವಣೂರಿನಿಂದ ಬಂದು ಇಲ್ಲಿ ಖಾರ, ಅಂದರೆ ಆ ಊರಿನ ಕುರುಕಲು ತಿಂಡಿ, ಕರಿಯುವವನು, ಹೀಗಾಗಿ ನನಗೆ ತವರಿನ ತಮ್ಮ. ಮಾತು ಬಿಸಿಯಾದಾಗಲೆಲ್ಲ ಅವನು ಕಾಗದದ ಮೇಲೆ ಖಾರ ಸುರಿಯುತ್ತಾನೆ. ಬಾಯಿ ತುಂಬಿದವರು ಜಗಳ ಆಡಲಾರರು ಎಂಬುದು ಅವನ ಲೆಕ್ಕ. ಮತ್ತೆ ಪೂರ್ಣಿಮಾ, ಶಿಗ್ಗಾಂವಿಯ ಕಾಲೇಜಿಗೆ ಹೋಗುತ್ತಾಳೆ. ಪಂಚಾಯಿತಿಯ ತಿಂಗಳ ಸಭೆಗೆ ಊರಿನವರೂ ಹೋಗಿ ಕೂತು ಕೇಳಬಹುದು ಎಂದು ಕಾನೂನಿನ ಪುಸ್ತಕ ನೋಡಿ ಹೇಳಿದವಳು ಅವಳೇ. ಅಲ್ಲಿಯವರೆಗೆ ನಮಗೆ ಆ ಸಭೆಯ ಸುಳಿವು ಸಿಗುತ್ತಿದ್ದದ್ದು ಒಳಗೆ ಹೋಗುವ ಭಜಿಯ ತಟ್ಟೆಯಿಂದ. ಬಳಗದವರು ಹೋಗಿ ಬಾಗಿಲಲ್ಲಿ ನಿಂತು ನಿಂತು, ಕೊನೆಗೆ ಗೋಡೆಯ ಪಕ್ಕ ಒಂದು ಬೆಂಚು ಹಾಕಿಸಿಕೊಂಡರು. ಅದು ನಮ್ಮ ಮೊದಲ ಗೆಲುವು. ಬೆಂಚಿನ ಒಂದು ಕಾಲು ಗಿಡ್ಡ, ಆದರೂ ಗೆಲುವು.

ಆಗ ಬಳಗ ಬೀದಿ ದೀಪದ ಬೆನ್ನು ಹತ್ತಿತ್ತು. ಡಾಕ್ಟರ ಮಾತು ಕೇಳಿದ ಮೇಲೆ ಪೂರ್ಣಿಮಾ, "ಮೊದಲು ನಮ್ಮವ್ವನ ಕೆಲಸ. ಬೀದಿ ದೀಪ ಆಮ್ಯಾಲ," ಎಂದಳು. ಗುರುಲಿಂಗಪ್ಪ ಎರಡು ಸೀಟಿ ಊದಿದ. ಅರ್ಜಿ ಬರೆಯುತ್ತೇನೆ ಎಂದು ಅವಳು ಪೆನ್ನು ತೆಗೆದರೆ, ನಾವು ಹಿರಿಯರು ತಡೆದೆವು. ಹೊಸ ಸಾಹೇಬರು, ಅಂದರೆ ಪಂಚಾಯಿತಿಯ ಮುಖ್ಯಾಧಿಕಾರಿ, ಆಗಷ್ಟೇ ಬಂದಿದ್ದರು. ಒಳ್ಳೆಯವರಂತೆ ಕಾಣುತ್ತಿದ್ದರು. ಅರ್ಜಿ ಕೊಟ್ಟು ಯಾಕೆ ಮನಸ್ಸು ಕೆಡಿಸಬೇಕು, ಎಲೆ ಕೊಟ್ಟು ಮಾತು ತೆಗೆದುಕೊಳ್ಳೋಣ ಎಂದೆವು.

ನಮ್ಮಲ್ಲಿ ಎಲೆಅಡಿಕೆ ಎಂದರೆ ಬರೀ ಬಾಯಿ ಕೆಂಪಾಗುವುದಲ್ಲ. ಹೆಣ್ಣು ಗೊತ್ತಾದರೂ ಎಲೆ, ಹೊಲ ಲಾವಣಿಗೆ, ಅಂದರೆ ಗುತ್ತಿಗೆಗೆ, ಹಿಡಿದರೂ ಎಲೆ. ಕೆಲಸ ಹೇಳಿ ಎಲೆ ಮುಂದೆ ಹಿಡಿದಾಗ ಒಲ್ಲೆ ಎನ್ನುವವನು ಕೈ ಹಿಂದೆ ಕಟ್ಟಿಕೊಳ್ಳಬೇಕು. ಹಿಡಿದನೆಂದರೆ ಒಪ್ಪಿದ. ತಿಂದನೆಂದರೆ ಮುಗಿಯಿತು, ಇನ್ನು ಅವನ ಅಪ್ಪ ಬಂದರೂ ಮಾತು ಹಿಂದೆ ಹೋಗುವುದಿಲ್ಲ. ನಾನೇ ಕೈಯಾರೆ ಎಳೆಯ ಎಲೆ ಆರಿಸಿ, ತಾಟಿನಲ್ಲಿ ಜೋಡಿಸಿ, ಮಧ್ಯಾಹ್ನ ಬಳಗದವರೊಂದಿಗೆ ಕಚೇರಿಗೆ ಹೋಗಿ ಸಾಹೇಬರ ಮುಂದೆ ಹಿಡಿದೆ.

"ಸಾಹೇಬ್ರ, ನಮ್ಮ ಹೆಣ್ಣುಮಕ್ಕಳ ಬಾಗಿಲ ತೆಗೆಸಿಕೊಡ್ರಿ. ಹಿಡೀರಿ ಎಲಿ."

ಸಾಹೇಬರು ಹಿಡಿದರು. ಸುಣ್ಣ ಕೇಳಿ ಇಸಿದುಕೊಂಡರು. ತಿಂದರು. "ತುಂಬಾ ಚೆನ್ನಾಗಿದೆ ಅಮ್ಮ, ಇಂಥ ಎಲೆ ನಮ್ಮ ಕಡೆ ಸಿಗಲ್ಲ," ಎಂದು ಇನ್ನೊಂದು ತೆಗೆದುಕೊಂಡರು. ಗುರುಲಿಂಗಪ್ಪ ನನ್ನ ಕಡೆ ನೋಡಿದ. ಒಂದಲ್ಲ, ಎರಡು ಸಲ ಮಾತು ಕೊಟ್ಟಂತಾಯಿತಲ್ಲ. ಹೊರಗೆ ಬಂದವರೇ ಸಂತೆಯಲ್ಲೆಲ್ಲ ಹೇಳಿಕೊಂಡು ಬಂದೆವು. ಖಾಜಾಸಾಬ ಆ ಸಂಜೆ ಖಾರ ಪುಕ್ಕಟೆ ಹಂಚಿದ. ಪೂರ್ಣಿಮಾ ಒಬ್ಬಳೇ, "ಸಾಹೇಬ್ರು ಕೋಲಾರದ ಕಡ್ಯಾವ್ರು ಆಯಿ. ಅವ್ರಿಗೆ ಇದೆಲ್ಲ ಗೊತ್ತೈತೋ ಇಲ್ಲೋ," ಎಂದಳು. ಓದಿದ ಹುಡುಗಿಯರಿಗೆ ಎಲ್ಲದರಲ್ಲೂ ಅನುಮಾನ ಎಂದು ನಾವು ನಕ್ಕೆವು.

ಮರುದಿನ ಬೆಳಗ್ಗೆ ರತ್ನವ್ವ ಡಾಕ್ಟರು ಹೇಳಿದಂತೆ ತಂಬಿಗೆ ತುಂಬ ನೀರು ಕುಡಿದು ಸಂತೆಗೆ ಹೋದಳು. ಮಧ್ಯಾಹ್ನ ಹೊಟ್ಟೆ ಹಿಡಿದುಕೊಂಡು ಆಟೋದಿಂದ ಇಳಿದು, ನನ್ನನ್ನು ತಳ್ಳಿಕೊಂಡು ಹಿತ್ತಲಿಗೆ ಓಡಿದಳು. ಸಂತೆಪೇಟೆಯ ಆ ಬಾಗಿಲಿಗೆ ಬೀಗ ಹಾಗೆಯೇ ಇತ್ತಂತೆ. ಬಂದವಳು ಜಗಲಿಯ ಮೇಲೆ ಕೂತು ಮೊದಲು ನಕ್ಕಳು. "ಅತ್ತಿ, ಎಲಿ ಸಾಹೇಬ್ರು ತಿಂದ್ರು, ಓಟ ನಾ ಓಡಿದ್ನಿ." ನಕ್ಕು ಮುಗಿದ ಮೇಲೆ ಅಂದಳು, "ನಾಳಿಂದ ಕಟ್ಟಿಗೆ ನೀವ ಬೇರೆ ಯಾರನ್ನಾರ ಕುಂದ್ರಸ್ರಿ. ಡಾಕ್ಟರು ಹೇಳಿದ್ದು ಖರೆ ಐತಿ." ಅವಳು ನಗುವುದೇ ಒಳ್ಳೆಯದಿತ್ತು. ಆ ಎರಡನೆಯ ಮಾತು ನನ್ನ ಎದೆಯಲ್ಲಿ ಕೂತುಬಿಟ್ಟಿತು.

ಎರಡು ವಾರ ಕಟ್ಟೆಯ ಮೇಲೆ ನಾನೇ ಕೂತೆ. ಗಿರಾಕಿಗಳು ಬಂದು, ನನ್ನ ಮುಖ ನೋಡಿ, "ರತ್ನವ್ವ ಇಲ್ಲೇನ್ರಿ?" ಎಂದು ಕೇಳಿ ಹೋದರು.

ತಿಂಗಳ ಸಭೆ ಬಂತು. ಬೆಂಚಿನ ಮೇಲೆ ನಾವು ಸಾಲಾಗಿ ಕೂತೆವು, ಗಿಡ್ಡ ಕಾಲಿನ ಕಡೆ ಖಾಜಾಸಾಬ. ಪೂರ್ಣಿಮಾ ಪಂಚಾಯಿತಿ ಅಧ್ಯಕ್ಷರ ಅಪ್ಪಣೆ ಕೇಳಿ ಎದ್ದಳು. "ಸರ್, ಉದ್ಘಾಟನಿ ಆಗದ ಬಾಗಿಲ ತೆಗೀಬಾರದು ಅಂತ ಯಾವ ಕಾಯ್ದೆದಾಗ ಐತಿ, ತೋರಿಸ್ತೀರಿ?" ಎಂದು ಕೇಳಿದಳು. ಸಾಹೇಬರು ಗುಮಾಸ್ತರ ಕಡೆ ನೋಡಿದರು, ಗುಮಾಸ್ತರು ಫ್ಯಾನಿನ ಕಡೆ ನೋಡಿದರು. "ಕಾಯ್ದೆ ಅಂತ ಇಲ್ಲಮ್ಮ. ರೂಢಿ ಇದೆ," ಎಂದರು ಸಾಹೇಬರು.

ರೂಢಿ ಎಂದದ್ದೇ ತಡ, ನಾನು ಅಪ್ಪಣೆ ಗಿಪ್ಪಣೆ ಮರೆತು ಎದ್ದೆ. "ರೂಢಿ ಮಾತು ಬಂದ್ರ, ನೀವು ನಮ್ಮ ಎಲಿ ತಿಂದೀರಲ್ರಿ ಸಾಹೇಬ್ರ."

"ಅಮ್ಮ, ಊಟ ಆಗಿತ್ತು, ನೀವು ಪ್ರೀತಿಯಿಂದ ಕೊಟ್ರಿ ಅಂತ ಹಾಕ್ಕೊಂಡೆ ಅಷ್ಟೇ."

ಗುರುಲಿಂಗಪ್ಪನಿಗೆ ಏನನ್ನಿಸಿತೋ, ಒಂದು ಸೀಟಿ ಊದಿಬಿಟ್ಟ. ಸಭೆಯೆಲ್ಲ ಬ್ರೇಕು ಹಾಕಿದಂತೆ ನಿಂತಿತು. ಆಗ, ಯಾವ ಸಭೆಯಲ್ಲೂ ಬಾಯಿ ಬಿಡದೆ ಭಜಿಯನ್ನಷ್ಟೇ ಮುಗಿಸಿ ಹೋಗುತ್ತಿದ್ದ ಒಬ್ಬ ವಯಸ್ಸಾದ ಸದಸ್ಯರು ಕೈ ಒರೆಸಿಕೊಂಡರು. "ಸಾಹೇಬ್ರ, ಎಷ್ಟು ಎಲಿ ತಿಂದ್ರಿ?"

"ಎರಡು."

"ಎರಡ! ಹಂಗಾದ್ರ ಮುಗೀತು ಬಿಡ್ರಿ. ಹೆಣ್ಣು ಗೊತ್ತಾದಂಗ. ಇನ್ನ ಲಗ್ನ ಮಾಡೂದ."

ಸಭೆ ಗೊಳ್ಳೆಂದು ನಕ್ಕಿತು. ಇಷ್ಟು ದಿನ ಮುಖ ತಿರುಗಿಸಿದ್ದ ಸದಸ್ಯರೆಲ್ಲ ಈಗ ಎಲೆಯ ಕಡೆಯಾದರು. ನಮ್ಮ ವಿರುದ್ಧ ನಿಂತಾರು, ಎಲೆಯ ವಿರುದ್ಧ ನಿಂತವರೆಂದು ಹೆಸರು ಕೆಡಿಸಿಕೊಂಡು ನಾಳೆ ಯಾರ ಮನೆಗೆ ಹೆಣ್ಣು ಕೇಳಲು ಹೋದಾರು? ಸಾಹೇಬರೂ ನಕ್ಕರು. ಆದರೆ ಉದ್ಘಾಟನೆಗೆ ಯಾರನ್ನು ಕರೆಯುವುದು ಎಂದು ಕೇಳಿದರು. ಪೂರ್ಣಿಮಾ ಕೂತಿರಲೇ ಇಲ್ಲ. "ಯಾರು ಬಳಸ್ತಾರ, ಅವ್ರ ಮಾಡ್ಲಿ ಸರ್," ಎಂದಳು. ಎಲ್ಲರೂ ಕೈ ಎತ್ತಿದರು. ಅಂದಿನಿಂದ ಸಾಹೇಬರು ಒಳ್ಳೆಯ ಸ್ನೇಹಿತರಾಗಿದ್ದಾರೆ. ಆದರೆ ಊರಿನಲ್ಲಿ ಯಾರೇ ಎಲೆ ಹಿಡಿದು ಬಂದರೂ ಮೊದಲು ಕೈ ಹಿಂದೆ ಕಟ್ಟಿಕೊಂಡು, "ಏನು ಕೆಲಸ, ಹೇಳಿ," ಎನ್ನುತ್ತಾರೆ.

ಹೀಗೆ ಇವತ್ತು ಬೆಳಗ್ಗೆ ಕತ್ತರಿ ರತ್ನವ್ವನ ಕೈಗೆ ಬಂತು. ಸೆರಗು ಹೊದ್ದು, ಆ ಬಿಳಿಚಿದ ರಿಬ್ಬನ್ನನ್ನು ಅಂಗಡಿಯ ಎಲೆಯ ತೊಟ್ಟು ತೆಗೆಯುವಷ್ಟು ಸಲೀಸಾಗಿ ಕತ್ತರಿಸಿದಳು. ಸಂಡಾಸಿನ ಮುಂದೆ ನಿಲ್ಲುವುದಿಲ್ಲ ಎಂದು ನಿನ್ನೆಯವರೆಗೆ ಹಟ ಹಿಡಿದಿದ್ದ ನನ್ನ ಗಂಡ, ನಮ್ಮ ಯಜಮಾನರು, ಫೋಟೋದಲ್ಲಿ ಎಲ್ಲರಿಗಿಂತ ಮುಂದೆ ನಿಂತಿದ್ದಾರೆ, ರುಮಾಲು ಸುತ್ತಿಕೊಂಡು. ಫೋಟೋ ಮುಗಿದ ಕೂಡಲೇ ರತ್ನವ್ವ ಯಾರ ಮುಖವನ್ನೂ ನೋಡದೆ ಕಟ್ಟೆಗೆ ಹೋಗಿ, ನಾನು ಕೆಡಿಸಿಟ್ಟಿದ್ದ ಎಲೆಗಳನ್ನು ಮತ್ತೆ ಜೋಡಿಸತೊಡಗಿದಳು.

ಸಂಜೆ ಅವಳು ಬಂದ ಮೇಲೆ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಚಟ್ನಿ ಮಾಡಿಕೊಂಡು ಪಡಸಾಲೆಯಲ್ಲಿ ಎಲ್ಲರೂ ಒಂದೇ ಸಾಲಿಗೆ ಕೂತೆವು. ಬಡಿಸಲು ನಿಲ್ಲುತ್ತಿದ್ದ ರತ್ನವ್ವನನ್ನು ಪೂರ್ಣಿಮಾ ಕೈ ಹಿಡಿದು ಎಳೆದು ಕೂರಿಸಿದಳು. "ಉಣ್ಣೂ ಹೊತ್ತಿನ್ಯಾಗ ಸಂಡಾಸದ ಮಾತು ಬ್ಯಾಡ," ಎಂದು ಯಜಮಾನರು ಮೊದಲೇ ಅಪ್ಪಣೆ ಮಾಡಿದರು. ಎಲ್ಲರೂ ಎರಡೆರಡು ತುತ್ತು ಮುರಿದೆವು. ತಡೆಯಲಾರದೆ ನನ್ನ ಮಗನೇ ಕೇಳಿದ, "ಇವತ್ತು ಸಂತ್ಯಾಗ ಹೆಂಗಾತು?"

"ಮಧ್ಯಾಹ್ನ ಬಿಸಲು ಭಾಳ ಇತ್ತು," ಎಂದಳು ರತ್ನವ್ವ. "ನೀರು ಕುಡದ್ನಿ."

"ಆಮ್ಯಾಲ?"

"ಆಮ್ಯಾಲ ಏನು. ಹೋಗಿ ಬಂದ್ನಿ. ಬಂದು ಎಲಿ ಮಾರಿದ್ನಿ."

ಯಜಮಾನರು ತಾಟು ನೋಡುತ್ತಲೇ ರೊಟ್ಟಿಯ ಬುಟ್ಟಿಯನ್ನು ಸೊಸೆಯ ಕಡೆಗೆ ಸರಿಸಿದರು. ಅವಳು ಇನ್ನೊಂದು ರೊಟ್ಟಿ ತೆಗೆದುಕೊಂಡಳು, ನಾವೆಲ್ಲ ಉಂಡೆವು.