ಉಡಚಮ್ಮನ ಬಲಗೈ

ಜಗಳೂರಿನ ಬಸ್ ನಿಲ್ದಾಣದ ಹಿಂದೆ ಉಡಚಮ್ಮ ಖಾನಾವಳಿ ನಡೆಸುತ್ತಿದ್ದಳು. ದಿನವಿಡೀ ಜೋಳದ ರೊಟ್ಟಿ ಬಡಿಯುವುದೇ ಅವಳ ಕೆಲಸ. ಹೋದ ವರ್ಷ ತಂಗಿ ಮಮತಾ ಗಂಡನ ಹೊಡೆತ ತಾಳಲಾರದೆ ಹೊನ್ನಾಳಿಯಿಂದ ಓಡಿಬಂದು ಅಕ್ಕನ ಜೊತೆ ಉಳಿದಳು.

ಸ್ವಲ್ಪ ದಿನಕ್ಕೇ ಆ ಗಂಡ ತಿಮ್ಮೇಶ್ ಕುಡಿದು ಬಂದ. ಮಮತಾಳ ಜುಟ್ಟು ಹಿಡಿದು ಹೊಸಿಲಾಚೆ ಎಳೆದ. ಅಡ್ಡ ಬಂದ ಉಡಚಮ್ಮನ ತಲೆಗೆ ಕಬ್ಬಿಣದ ಪೈಪು ಬೀಸಿದ. ಅವಳು ಬಲಗೈ ಎತ್ತಿ ತಡೆದಳು. ಭುಜ ಮೊಣಕೈಗಳ ನಡುವೆ ಮೂಳೆ ಲಟಕ್ಕನೆ ಮುರಿಯಿತು. ಬಿದ್ದ ಮೇಲೂ ಒದ್ದ. ಊಟಕ್ಕೆ ಕೂತಿದ್ದವರು ಎದ್ದು ಬಂದಾಗ ಓಡಿಹೋದ.

ದಾವಣಗೆರೆಯ ಆಸ್ಪತ್ರೆಯಲ್ಲಿ ಡಾಕ್ಟರ್ ಪ್ರಮೀಳಾ ನೋಡುವಾಗ ಮಣಿಕಟ್ಟು ಜೋತುಬಿದ್ದಿತ್ತು. ಎಷ್ಟು ಹೆಣಗಿದರೂ ಬೆರಳು ಬಿಚ್ಚಿಕೊಳ್ಳಲಿಲ್ಲ. ಹೆಬ್ಬೆರಳಿನ ಹಿಂಬದಿ ಚಿವುಟಿದರೂ ಗೊತ್ತಾಗಲಿಲ್ಲ.

"ತೋಳಿನ ಮೂಳೆ ಹಿಂದೆ ಸುತ್ತಿಕೊಂಡು ಒಂದು ನರ ಇಳೀತೈತಮ್ಮ. ಮಣಿಕಟ್ಟು ಎತ್ತಾಕೆ, ಬೆರಳು ಬಿಚ್ಚಾಕೆ ಅದೇ ಬೇಕು. ಮುರಿದ ಮೂಳೆ ಅದನ್ನ ಕಚ್ಚಿಕೊಂಡೈತೆ."

"ರೊಟ್ಟಿ ಬಡಿಯಾಕೆ ಅಂಗೈ ಅಗಲ ಆಗಬೇಕಲ್ರೀ?"

"ನರ ತುಂಡಾಗಿಲ್ಲ ಅಂದ್ರೆ ಆಗ್ತೈತೆ. ತಿಂಗಳುಗಟ್ಟಲೆ ಕಾಯಬೇಕು."

ತೋಳು ಸೀಳಿ, ನಜ್ಜಿದ್ದ ನರ ಬಿಡಿಸಿ, ಮೂಳೆಗೆ ಪ್ಲೇಟು ಕೂರಿಸಿದರು. ನರ ತುಂಡಾಗಿರಲಿಲ್ಲ.

ತಿಮ್ಮೇಶನನ್ನು ಪೊಲೀಸರು ಹಿಡಿದು ಜೈಲಿಗೆ ಹಾಕಿದ್ದರು. ಜಾಮೀನಿನ ಮೇಲೆ ಹೊರಬಂದವನು ಒಂದು ಮಧ್ಯಾಹ್ನ ಮಚ್ಚು ಹಿಡಿದು ಖಾನಾವಳಿಗೆ ನುಗ್ಗಿದ. ಮೊದಲ ಏಟಿಗೇ ಮಮತಾಳ ಬೆನ್ನು ಸೀಳಿತು. ಉಡಚಮ್ಮ ಎಡಗೈಯಿಂದ ಒಲೆಯ ಕೊಳ್ಳಿ ಎಳೆದು ಅವನ ಮುಖಕ್ಕೆ ಬಡಿದಳು. ಅವನು ಚೀರಿ ಮಚ್ಚು ಬಿಟ್ಟ. ಅವಳು ನಿಲ್ಲಿಸಲಿಲ್ಲ. ಅಂಗಿ ಹೊತ್ತಿಕೊಂಡ ಮೇಲೂ ಬಡಿದಳು.

"ಸಾಕು ಬಿಡಕ್ಕ, ಸಾಯ್ತಾನೆ!" ಎಂದು ಮಮತಾ ರಕ್ತದ ಕೈಯಲ್ಲೇ ಅವಳನ್ನು ತಬ್ಬಿ ಹಿಡಿದಳು. ಅಕ್ಕಪಕ್ಕದವರು ನೀರು ಸುರಿದು ಬೆಂಕಿ ಆರಿಸಿದರು.

ಅವನ ಒಂದು ಕಣ್ಣು ಹೋಯಿತು. ಬದುಕಿದನೆಂದು ತಿಳಿದಾಗ ಉಡಚಮ್ಮನಿಗೆ ಸಮಾಧಾನವೂ ಆಯಿತು, ಸಿಟ್ಟೂ ಬಂತು. ಅವನನ್ನು ಮತ್ತೆ ಜೈಲಿಗೆ ಹಾಕಿದರು. ಅವನ ಸೋದರಮಾವ ಮರುಳಸಿದ್ದಪ್ಪ ಬಂದು, "ಆಗಿದ್ದಾತು, ರಾಜಿ ಆಗ್ರಮ್ಮ" ಎಂದ.

"ಮೊದ್ಲು ನನ್ನ ತಂಗಿ ಬೆನ್ನು ನೋಡ್ರಿ. ಆಮೇಲೆ ಹೇಳ್ರಿ."

ಅವನು ನೋಡಲಿಲ್ಲ; ಎದ್ದುಹೋದ.

ಚಳಿಗಾಲದ ಹೊತ್ತಿಗೆ ಮಣಿಕಟ್ಟು ಎದ್ದಿತು, ಆಮೇಲೆ ಬೆರಳುಗಳು. ಹೆಬ್ಬೆರಳು ಇನ್ನೂ ಪೂರ್ತಿ ಬಿಚ್ಚಿಕೊಂಡಿಲ್ಲ. ರೊಟ್ಟಿ ಒಂದು ಕಡೆ ದಪ್ಪಗಾಗುತ್ತದೆ. ಕೇಸು ನಡೆಯುತ್ತಲೇ ಇದೆ. ವಾಯಿದೆ ಇದ್ದ ದಿನ ಖಾನಾವಳಿಗೆ ಬೀಗ ಹಾಕಿ ಅಕ್ಕತಂಗಿಯರು ದಾವಣಗೆರೆ ಬಸ್ಸು ಹತ್ತುತ್ತಾರೆ.