ಚಾಂದಿಬಾಯಿ ಮುಟ್ಟಿದ ಪುಸ್ತಕಗಳು

ಚಾಂದಿಬಾಯಿಯ ಬಗ್ಗೆ ಒಳ್ಳೆಯದನ್ನಷ್ಟೇ ಬರೆಯಬೇಕೆಂದು ಕೂತರೆ ಒಂದು ಸಾಲಿಗೆ ಮುಗಿದುಹೋಗುತ್ತದೆ. ಆಕೆಯ ಕೈ ಚಲೋ. ಉಳಿದದ್ದೆಲ್ಲ ಆಕೆ ನನ್ನ ತಲೆ ತಿಂದ ಕಥೆ. ತಿಂದದ್ದು ಸಾಲದೆಂದು ಈಗಲೂ ದಿನಾ ಮಧ್ಯಾಹ್ನ ಬಂದು ತಿನ್ನುತ್ತಾಳೆ.

ನಾನು ಅಮೀನಪ್ಪ, ತಾಳಿಕೋಟೆ ಕಡೆಯವನು. ಗೋವಾದ ಮಡಗಾಂವಿನಲ್ಲಿ ಮೋತಿ ಡೊಂಗರ್ ಗುಡ್ಡದ ಬುಡಕ್ಕೆ ಇಪ್ಪತ್ತಾರು ವರ್ಷದಿಂದ ರದ್ದಿ ಅಂಗಡಿ ಇಟ್ಟಿದ್ದೇನೆ. ಹಳೇ ಪೇಪರು, ಬಾಟಲಿ, ತುಕ್ಕು ಹಿಡಿದ ಕಬ್ಬಿಣ. ಹತ್ತು ವರ್ಷದ ಹಿಂದೆ ಒಂದು ಹಳೇ ಬಂಗಲೆಯವರು ಟ್ರಂಕುಗಟ್ಟಲೆ ಪುಸ್ತಕ ತೂಕಕ್ಕೆ ಹಾಕಿ ಹೋದರು. ಮರುದಿನ ಒಬ್ಬ ಬಂದವನು ಅದರೊಳಗಿನ ಒಂದೇ ಒಂದು ಚಿತ್ರಕಥೆ ಪುಸ್ತಕ ಎತ್ತಿಕೊಂಡು, ಇಡೀ ಟ್ರಂಕಿನ ರದ್ದಿಗೆ ಸಿಗದಷ್ಟು ಕೊಟ್ಟು ಹೋದ. ಅವತ್ತು ನನ್ನ ಕಣ್ಣು ತೆರೆಯಿತು. ಕಲಿತೆ. ಈಗ ಅಂಗಡಿಯ ಹಿಂದಿನ ಕೋಣೆಯಲ್ಲಿ ಎರಡು ಕಬ್ಬಿಣದ ಕಪಾಟು, ಅದರ ತುಂಬ ಹಳೇ ಕಾಮಿಕ್ಸು, ಒಂದೊಂದಕ್ಕೂ ಪ್ಲಾಸ್ಟಿಕ್ ಚೀಲ, ಬೆನ್ನಿಗೆ ರಟ್ಟು. ಆದರೇನು, ಬೀಗರ ಮದುವೆ ಕಾರ್ಡಿನ ಮೇಲೆ ಈಗಲೂ 'ರದ್ದಿ ಅಮೀನಪ್ಪ' ಎಂದೇ ಬರುತ್ತದೆ. ಆ 'ರದ್ದಿ' ನನ್ನ ಹೆಸರಿನಿಂದ ಉದುರಲಿ ಎಂಬುದೊಂದೇ ನನ್ನ ಆಸೆಯಾಗಿತ್ತು.

ಅದನ್ನು ಉದುರಿಸಬಲ್ಲವನು ಒಬ್ಬನೇ, ವಾಸ್ಕೋದ ಜಾವೇದ. ಬಂದರಿನ ಆಫೀಸಿನಲ್ಲಿ ಗುಮಾಸ್ತ, ಮೂಲ ಹುಬ್ಬಳ್ಳಿಯ ಮನೆತನ. ಗೋವಾದಲ್ಲಿ ಕಾಮಿಕ್ಸು ಕೂಡಿಡುವವರೆಲ್ಲ ಅವನ ಮಾತಿಗೆ ತಲೆಬಾಗುತ್ತಾರೆ. ಭೂತಗನ್ನಡಿ ಹಿಡಿದು, ಪುಟ ಪುಟ ತಿರುವಿ, ಪುಸ್ತಕಕ್ಕೆ ಹತ್ತಕ್ಕೆ ಇಷ್ಟು ಎಂದು ಮಾರ್ಕು ಹಾಕುತ್ತಾನೆ. ಪ್ರತಿ ನವೆಂಬರಿಗೆ ಮಡಗಾಂವಿನಲ್ಲಿ ಅವನ ಕಾಮಿಕ್ಸು ಮೇಳ ನಡೆಯುತ್ತದೆ. ಹನ್ನೆರಡೇ ಮೇಜು. ಮೇಜು ಸಿಕ್ಕವನ ಮುಂದೆ ಅವನ ಹೆಸರು ಬರೆದು, ಕೆಳಗೆ 'ನಂಬಿಗಸ್ತ ವ್ಯಾಪಾರಿ' ಎಂದು ಬೋರ್ಡು ಇಡುತ್ತಾರೆ. ಆ ಬೋರ್ಡು ನನಗೆ ಬೇಕಾಗಿತ್ತು. ಹೋದ ವರ್ಷ ಒಂದು ಮೇಜು ಖಾಲಿಯಾಯಿತು, ಜಾವೇದ ನನ್ನ ಹೆಸರನ್ನೇ ಬರೆದುಕೊಂಡ.

ಈ ಧಂದೆಯ ನ್ಯಾಯವನ್ನೂ ಸ್ವಲ್ಪ ಕೇಳಿ. ಪಿನ್ನಿಗೆ ತುಕ್ಕು ಹಿಡಿದಿದ್ದರೆ ಅರ್ಧ ಮಾರ್ಕು ಕಟ್. ಯಾವನೋ ಹುಡುಗ ಮುಖಪುಟದ ಮೇಲೆ ಪೆನ್ನಿನಿಂದ ಹೆಸರು ಗೀಚಿದ್ದರೆ ಒಂದೂವರೆ ಕಟ್. ಇದೆಲ್ಲ ಒಪ್ಪುವ ಮಾತೇ. ಆದರೆ ಹರಿದ ಪುಟವನ್ನು ಅಂಟಿಸಿ ನೆಟ್ಟಗೆ ಮಾಡಿದಿರೋ, ಮುಗಿಯಿತು, 'ರಿಪೇರಿ ಮಾಲು' ಎಂದು ಚೀಟಿ ಅಂಟಿಸುತ್ತಾರೆ, ಬೆಲೆ ಅರ್ಧಕ್ಕೆ ಇಳಿಯುತ್ತದೆ. ಹರಿದದ್ದನ್ನು ಹರಿದಂತೆ ಮಾರಿದವನು ದೊಡ್ಡ ಮನುಷ್ಯ, ಚಂದ ಮಾಡಿ ಮಾರಿದವನು ಕಳ್ಳ! ಸೋರುವ ಮನೆ ರಿಪೇರಿ ಮಾಡಿಸಿದರೆ ಬಾಡಿಗೆ ಏರುತ್ತದೋ ಇಳಿಯುತ್ತದೋ? ಜಾವೇದನಿಗೆ ಇದನ್ನು ಕೇಳಿದರೆ "ಅದು ಹಂಗ ಅಲ್ರಿ ಅಣ್ಣಾರ" ಎಂದು ನಗುತ್ತಾನೆ. ಹಾಗಾಗಿ ನಾನು ಹೇಳುವುದನ್ನೇ ಬಿಟ್ಟಿದ್ದೆ. ಯಾರಾದರೂ ಕೇಳಿದರೆ, "ಯಾರೂ ಮುಟ್ಟಿಲ್ರಿ, ಇದ್ದಂಗ ಐತಿ" ಅನ್ನುತ್ತಿದ್ದೆ. ಈ ಧಂದೆಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ.

ಮುಟ್ಟುತ್ತಿದ್ದವಳು ಚಾಂದಿಬಾಯಿ.

ವಿಜಯಪುರ ಕಡೆಯ ತಾಂಡಾದವಳು, ನನಗಿಂತ ಐದಾರು ವರ್ಷ ಹಿರಿಯಳು. ಮೂವತ್ತು ವರ್ಷ ಕೋಲ್ವಾ ಬೀಚಿನ ಮರಳಲ್ಲಿ ಕನ್ನಡಿ ಕಸೂತಿಯ ಚೀಲ ಮಾರಿದವಳು. ಮೊಣಕಾಲು ಹಿಡಿದುಕೊಂಡ ಮೇಲೆ ಬೀಚು ಬಿಟ್ಟು ಗುಡ್ಡದ ಮೇಲಿನ ಮನೆಯಲ್ಲೇ ಕೂತಳು. ಎರಡು ವರ್ಷದ ಹಿಂದೆ ಖಾಲಿ ಬಾಟಲಿ ಹಾಕಲು ಅಂಗಡಿಗೆ ಬಂದಾಗ ನಾನು ಒಂದು ಹರಿದ ಮುಖಪುಟಕ್ಕೆ ಸೆಲ್ಲೋ ಟೇಪು ಎಳೆಯುತ್ತಿದ್ದೆ. ನೋಡಿದ್ದೇ ತಡ ನನ್ನ ಕೈಗೊಂದು ಏಟು ಕೊಟ್ಟಳು.

"ಏನ್ ಮಾಡಾಕತ್ತೀ ತಮ್ಮಾ? ಚಂದನ್ ಮಾರಿಗೆ ಬ್ಯಾಂಡೇಜ್ ಸುತ್ತಾಕತ್ತೀಯಲ್ಲ! ಕೊಡಿಲ್ಲೆ."

ಕಸಿದುಕೊಂಡು ಹೋದಳು. ನಾಲ್ಕು ದಿನದ ಮೇಲೆ ತಂದುಕೊಟ್ಟಳು. ಹರಿದದ್ದು ಎಲ್ಲಿ ಎಂದು ನಾನೇ ಹುಡುಕಬೇಕಾಯಿತು. ಅನ್ನದ ಗಂಜಿಯನ್ನು ನೀರು ಮಾಡಿ, ಹರಿದ ಕಾಗದದ ಒಂದೊಂದೇ ಎಳೆಯನ್ನು ಸೂಜಿಯ ತುದಿಯಿಂದ ಕೂಡಿಸಿದ್ದಳು. ಆಮೇಲೆ ನಾನು ಆನ್‌ಲೈನಿನಲ್ಲಿ ತೆಳು ಜಪಾನಿ ಕಾಗದ ತರಿಸಿಕೊಟ್ಟೆ. ಇಲಿ ತಿಂದ ಮೂಲೆಗೆ ಅದನ್ನು ಕೂಡಿಸಿ, ಬಣ್ಣ ಹಚ್ಚಿ, ಮಸಾಲೆ ಅರೆಯುವ ಕಲ್ಲಿನ ಕೆಳಗೆ ಒಣಗಿಸಿ ಕೊಡುತ್ತಿದ್ದಳು. ಮಳೆಗಾಲದ ಬೂಷ್ಟನ್ನು ಸೈತ ಬ್ರೆಡ್ಡಿನ ತುಣುಕಿನಿಂದ ಒರೆಸಿ ತೆಗೆಯುತ್ತಿದ್ದಳು.

ಅಬ್ಬಾ, ಆದರೆ ಆಕೆಯ ಕಾಟ! ಓದಲು ಬರುವುದಿಲ್ಲ, ಚಿತ್ರ ನೋಡಿಯೇ ಕಥೆ ಕಟ್ಟುತ್ತಾಳೆ. ಹುಡುಗಿಯನ್ನು ಕಂಬಕ್ಕೆ ಕಟ್ಟಿದ ಪುಟವೊಂದು ಹರಿದು ಬಂದಿತ್ತು. ಆ ಹುಡುಗಿ ಕೊನೆಗೆ ಬದುಕುತ್ತಾಳೋ ಇಲ್ಲವೋ ಹೇಳದ ಹೊರತು ಕೈ ಹಚ್ಚುವುದಿಲ್ಲ ಎಂದು ಕೂತಳು. ಗಿರಾಕಿ ಬಾಗಿಲಲ್ಲಿ ನಿಂತಿದ್ದ. ನಾನು ಒಳಗೆ ಕೂತು ಮೂವತ್ತೆರಡು ಪುಟದ ಕಥೆ ಓದಿ ಹೇಳಿದೆ. ಬೇಗ ಕೊಡು ಎಂದರೆ, "ಅವಸರದಾಗ ಅಡಗಿ ಮಾಡಿದ್ರ ಹಸಿಬಿಸಿ ಆಕ್ಕೈತಿ, ತಮ್ಮಾ" ಎಂದು ಎಲೆ ಅಡಿಕೆ ಬಾಯಿಗೆ ಹಾಕಿಕೊಂಡು ಕೂರುತ್ತಾಳೆ. ಪುಸ್ತಕದ ಮೇಲೆ ಉಗುಳು ಸಿಡಿದೀತೆಂದು ನನ್ನ ಜೀವ ಬಾಯಿಗೆ ಬರುತ್ತಿತ್ತು.

ಮೇಳಕ್ಕೆ ಇನ್ನು ಮೂರು ವಾರ ಇದ್ದಾಗ, ಒಂದು ಗುರುವಾರ ಬೆಳಿಗ್ಗೆ ಜಾವೇದ ಬಂದ. ಚೀಲದಿಂದ ಆರು ಪುಸ್ತಕ ತೆಗೆದು ನನ್ನ ದುಡ್ಡಿನ ಗಲ್ಲೆಯ ಮೇಲೆ ಸಾಲಾಗಿ ಇಟ್ಟ. ಆರೂ ನನ್ನಿಂದಲೇ ಹೋದವು. ಆರರದ್ದೂ ಕೊನೆಯ ಪುಟ ತೆರೆದು, ಒಳಮಡಿಕೆಯ ಕೆಳಮೂಲೆಗೆ ಬೆರಳಿಟ್ಟ. ಅಲ್ಲಿ ಸಾಸಿವೆ ಕಾಳಿನಷ್ಟು ಒಂದು ಕಪ್ಪು ಚುಕ್ಕಿ.

"ಇದೇನ್ರಿ ಅಣ್ಣಾರ? ಒಂದು ಮುಂಬೈದಾಗ ಛಾಪಿಸಿದ್ದು, ಒಂದು ಮದ್ರಾಸಿನಾಗ. ಒಂದೊಂದು ಒಂದೊಂದು ವರ್ಷದ್ದು. ಚುಕ್ಕಿ ಮಾತ್ರ ಒಂದ ನಮೂನಿ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಹಾಗೆ ನಾನು ಒಮ್ಮೆಲೇ, "ನಾವೇನೂ ಮುಟ್ಟಿಲ್ರಿ!" ಅಂದೆ. ಅವನು ಮುಟ್ಟಿದಿರಾ ಎಂದು ಕೇಳಿಯೇ ಇರಲಿಲ್ಲ. ಆಮೇಲೆ ಪ್ರೆಸ್ಸಿನ ಶಾಯಿ ಇದ್ದೀತೆಂದೆ. ಆ ಚುಕ್ಕಿಯನ್ನು ನಾನೂ ಎರಡು ಮೂರು ಸಲ ನೋಡಿದ್ದೆ, ಹಾಗೆಂದೇ ತಿಳಿದಿದ್ದೆ. ಜಾವೇದ ನನ್ನ ಮುಖವನ್ನೇ ನೋಡಿದ.

"ಇರ್ಲಿ. ಶನಿವಾರ ಬರ್ತೇನಿ. ನಿಮ್ಮ 'ಅಲೆ ಸರದಾರ' ತಯಾರ ಇಡ್ರಿ. ಅದನ್ನ ನೋಡೇ ಮೇಜಿನ ಮಾತು ಪಕ್ಕಾ ಮಾಡೂಣು."

'ಅಲೆ ಸರದಾರ' ಎಂದರೆ ಅರವತ್ತರ ದಶಕದ ಒಂದು ಕಡಲ ಸಾಹಸದ ಕಥೆಮಾಲೆ. ಅದರ ಮೊದಲ ಸಂಚಿಕೆ ಕುಂಕಳ್ಳಿಯ ಒಂದು ಮನೆಯ ಅಟ್ಟದಲ್ಲಿ ನನಗೆ ಸಿಕ್ಕಿತ್ತು, ಮೂರು ಕಡೆ ಹರಿದು, ಮೂಲೆ ಇಲಿಯ ಪಾಲಾಗಿ. ಈಗ ಅದು ಚಾಂದಿಬಾಯಿಯ ಕಲ್ಲಿನ ಕೆಳಗಿತ್ತು. ಅಂಗಡಿಗೆ ಬೀಗ ಹಾಕಿ ಗುಡ್ಡದ ಮೆಟ್ಟಿಲು ಹತ್ತಿದೆ. ಏದುಸಿರು ಬಿಡುತ್ತಾ ಕೇಳಿದೆ:

"ಬಾಯಾರ, ಪುಸ್ತಕದ ಕಡೀ ಹಾಳಿ ಮ್ಯಾಲ ಕರೀ ಚುಕ್ಕಿ ಯಾರ್ ಇಟ್ಟಾರ?"

"ನಾನ. ಮತ್ಯಾರ್ ಇಡ್ತಾರ?"

"ಯಾಕ?"

"ದೃಷ್ಟಿ ಬೊಟ್ಟು, ತಮ್ಮಾ. ಇಷ್ಟ ಚಂದ ಮಾಡಿ ಕಳಸ್ತೇನಿ, ಮಂದಿ ಕಣ್ಣು ಸುಮ್ನ ಇರ್ತಾವೇನು? ಕೂಸಿನ ಗಲ್ಲಕ್ಕ ಹಚ್ಚೂದಿಲ್ಲೇನ್ ನಿಮ್ಮನ್ಯಾಗ? ಎಣ್ಣಿ ಕಾಡಿಗಿ ಹಾಳ್ಯಾಗ ಹರಡತೈತಿ ಅಂತ ಬರೇ ದೀಪದ ಮಸಿ, ಗಂಜ್ಯಾಗ ಕಲಸಿ ಇಡ್ತೇನಿ."

ಹಣೆ ಹಣೆ ಚಚ್ಚಿಕೊಂಡೆ. ಕಳವು ಮಾಡಿದ ಎಮ್ಮೆಯ ಕೊರಳಿಗೆ ಗಂಟೆ ಕಟ್ಟಿ ಕಳಿಸಿದಂತಾಗಿತ್ತು ನನ್ನ ಬಾಳು. ರಿಪೇರಿಯಾದ ಒಂದೊಂದು ಪುಸ್ತಕಕ್ಕೂ ನನ್ನ ಸುಳ್ಳಿನ ಗುರುತನ್ನು ನನ್ನ ಕಡೆಯವಳೇ ಇಟ್ಟು ಕಳಿಸಿದ್ದಳು, ಅದೂ ಮಸಿ ಹರಡದಂತೆ ಕಾಳಜಿಯಿಂದ! ಒದರಾಡಿದೆ. ಆಕೆ ಎಲೆಗೆ ಸುಣ್ಣ ಹಚ್ಚುತ್ತಾ ಕೂತಳು. ಕೊನೆಗೆ ಕೈ ಮುಗಿದೆ. ಈ ಒಂದಕ್ಕೆ ಚುಕ್ಕಿ ಬೇಡ, ಜಾವೇದ ಎಲ್ಲಾದರೂ ಕಂಡು ಕೇಳಿದರೆ ತಾನು ಕಸ ಹೊಡೆಯಲು ಬರುವವಳೆಂದು ಹೇಳಬೇಕು, ಇಷ್ಟು ನಡೆಸಿಕೊಡು ಎಂದೆ. ನನ್ನ ಮೇಜಿನ ಆಸೆಯನ್ನೂ ಬಿಡಿಸಿ ಹೇಳಿದೆ. ಆಕೆಗೆ ಕನಿಕರ ಬಂತು.

"ಆತು ಬಿಡು. ನಿನ್ ಸಲುವಾಗಿ ಒಂದ್ ಸುಳ್ಳ್ ಹೇಳಿದ್ರ ನನ್ನ ನಾಲಿಗಿ ಏನ್ ಸವೀತೈತಿ?"

ಶನಿವಾರ ಬಂದಳು. ಮನೆಯಲ್ಲಿರು ಎಂದರೂ ಕೇಳಲಿಲ್ಲ. ಹನ್ನೊಂದು ದಿನ ಕೂತು ಮಾಡಿದ್ದನ್ನು ಯಾರು ಒಯ್ಯುತ್ತಾರೆಂದು ತಾನು ನೋಡಬೇಕಂತೆ. ಕೈಗೊಂದು ಕಸಬರಿಗೆ ಕೊಟ್ಟು ಬಾಗಿಲ ಬಳಿ ನಿಲ್ಲಿಸಿದೆ. ಜಾವೇದ ದೀಪ ಹಚ್ಚಿ, ಭೂತಗನ್ನಡಿ ಹಿಡಿದು ಅರ್ಧ ಗಂಟೆ ಪುಟ ತಿರುವಿದ. ಕೊನೆಯ ಪುಟದ ಮೂಲೆ ನೋಡಿದ. ಚುಕ್ಕಿ ಇಲ್ಲ. ಅವನ ಹೆಗಲು ಸಡಿಲಾಯಿತು, ಮುಖದ ಮೇಲೆ ನಗು ಬಂತು. ನನ್ನ ಎದೆ ಎಷ್ಟು ಹಗುರಾಯಿತೆಂದರೆ, ನನ್ನ ಹೆಸರಿನ ಬೋರ್ಡು ಕಣ್ಣಿಗೇ ಕಂಡಿತು.

"ಏನ್ ಚೀಜ್ ರೀ ಅಣ್ಣಾರ! ಒಂಬತ್ತು ಮಾರ್ಕು ಕೊಡ್ತೇನಿ. ಅರವತ್ತು ವರ್ಷದಾಗ ಇದಕ್ಕ ಯಾರದೂ ಕೈ ಸೈತ ಹತ್ತಿಲ್ಲ. ಒಬ್ರೂ ಮುಟ್ಟಿಲ್ಲ!"

ಬಾಗಿಲಲ್ಲಿ ಕಸಬರಿಗೆ ಬಿದ್ದ ಸಪ್ಪಳವಾಯಿತು.

"ಯಾರ್ ಮುಟ್ಟಿಲ್ಲ?"

ನಾನು ಕಣ್ಣು ಸನ್ನೆ ಮಾಡಿದೆ. ಕೆಮ್ಮಿದೆ. "ಬಾಯಾರ, ಆ ಕಡೆ ಕಸ ಉಳದೈತಿ ನೋಡ್ರಿ" ಅಂದೆ. ಆಕೆ ನನ್ನನ್ನು ದಾಟಿ ಗಲ್ಲೆಗೆ ಬಂದಳು.

"ಹನ್ನೊಂದ್ ದಿನಾ, ಸಾಹೇಬ್ರ! ಹನ್ನೊಂದ್ ದಿನಾ ಕುತಗೊಂಡು ನನ್ನ ಕುತ್ತಿಗಿ ಹಿಡದೈತಿ. ಇಲ್ಲೆ ಹರದಿತ್ತು. ಇಲ್ಲೆ, ಈ ಹಡಗಾ ಎರಡ ಹೋಳಾಗಿತ್ತು. ಈ ಮೂಲಿ ಇರಲೇ ಇಲ್ಲ, ಇಲಿ ತಿಂದಿತ್ತು. ಸಮುದ್ರದ ನೀಲಿ ಹೊಂದ್ಸಾಕ ಮೂರ್ ಸಲ ಬಣ್ಣಾ ಕಲಸೇನಿ. ಯಾರೂ ಮುಟ್ಟಿಲ್ಲಂತ! ಇದೇನ್ ತಾನ ಹುಟ್ಟೇತೇನು?"

ಸುಳ್ಳು ಹೇಳುವುದಕ್ಕೆ ಆಕೆಗೆ ಅಡ್ಡಿಯಿರಲಿಲ್ಲ. ತಾನು ಕಸ ಹೊಡೆಯುವವಳೆಂದು ಹೇಳಲು ತಯಾರಾಗಿಯೇ ಬಂದಿದ್ದಳು. ಆದರೆ ತನ್ನ ಕೈಕೆಲಸವನ್ನು ಕಣ್ಣೆದುರಿಗೇ ಇಲ್ಲವೆಂದದ್ದು ಆಕೆಗೆ ತಡೆಯಲಿಲ್ಲ. ನಾನು ಎರಡು ವರ್ಷ ಗಿರಾಕಿಗಳಿಗೆ ಹೇಳುತ್ತಾ ಬಂದ ಮಾತನ್ನು ಆಕೆ ಅವತ್ತೇ ಮೊದಲ ಸಲ ಕೇಳಿದ್ದು.

ಜಾವೇದ ಆಕೆ ತೋರಿಸಿದಲ್ಲೆಲ್ಲ ಭೂತಗನ್ನಡಿ ಇಟ್ಟು ನೋಡಿದ. ಆಗಲೂ ಕಾಣಲಿಲ್ಲ. ಆಕೆ ಪುಟವನ್ನು ದೀಪಕ್ಕೆ ಅಡ್ಡ ಹಿಡಿದು ಓರೆ ಮಾಡಿದಳು. ಕೂದಲಿನಷ್ಟು ಒಂದು ಗೆರೆ ಕಂಡಿತು. ಅವನು ಭೂತಗನ್ನಡಿಯನ್ನು ಕೆಳಗಿಟ್ಟ.

"ಇಂಥಾವು ಎಷ್ಟು ಅದಾವ್ರಿ ಅಣ್ಣಾರ?"

"ಒಂದ್ ಮೂವತ್ನಾಕು" ಅಂದೆ, ನೆಲ ನೋಡುತ್ತಾ.

"ನಲವತ್ತೊಂದು" ಅಂದಳು ಚಾಂದಿಬಾಯಿ.

ಮೇಜು ಹೋಯಿತು. ಜಾವೇದ ಕೂಗಾಡಲಿಲ್ಲ, ಅದೇ ನನಗೆ ಹೆಚ್ಚು ಉರಿಯಿತು. ಪುಸ್ತಕ ಕೊಂಡ ಒಬ್ಬೊಬ್ಬರಿಗೂ ನಾನೇ ಫೋನು ಮಾಡಿ ಖರೇ ಹೇಳಬೇಕು, ಬೇಡವೆಂದವರಿಂದ ವಾಪಸು ತೆಗೆದುಕೊಳ್ಳಬೇಕು, ಆಮೇಲೆ ಮುಂದಿನ ಮಾತು ಎಂದು ಹೋದ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂದು ನನ್ನವ್ವ ಅನ್ನುತ್ತಿದ್ದಳು. ಆ ವಾರವೆಲ್ಲ ಹದಿನೆಂಟು ಮಂದಿಯ ಮುಂದೆ ಅದನ್ನು ಅನುಭವಿಸಿದೆ. ಮೂವರು ಬೈದರು. ಇಬ್ಬರು ಪುಸ್ತಕ ವಾಪಸು ತಂದು ಬಿಸಾಕಿದರು. ಉಳಿದವರು ಬೈಯಲು ಬಾಯಿ ತೆರೆದವರು, ನಡುವೆಯೇ ನಿಲ್ಲಿಸಿ ಒಂದೇ ಮಾತು ಕೇಳಿದರು: "ಅಲ್ರಿ, ಮಾಡಿದ್ದು ಯಾರು? ನಮ್ಮ ಕಡೆ ಇನ್ನೂ ಎರಡು ಹರದಾವ."

ಈಗ ಮೇಳ ಮುಗಿದು ನಾಲ್ಕು ತಿಂಗಳಾಗಿದೆ. ಪುಸ್ತಕಗಳು ಬರುತ್ತಿವೆ, ವಾಸ್ಕೋದಿಂದ, ಪಣಜಿಯಿಂದ, ಬೆಳಗಾವಿಯಿಂದ ಸೈತ. ಮೊದಲ ಗಂಟು ಕಳಿಸಿದವನು ಜಾವೇದನೇ. ರಿಪೇರಿ ಮಾಲೆಂದು ಚೀಟಿ ಅಂಟಿಸುತ್ತಾನೆ, ಅದರ ಕೆಳಗೆ 'ಚಾಂದಿಬಾಯಿ, ಮೋತಿ ಡೊಂಗರ್' ಎಂದೂ ಬರೆಯುತ್ತಾನೆ. ಆ ಹೆಸರಿದ್ದರೆ ಬೆಲೆ ಅಷ್ಟೇನೂ ಇಳಿಯುವುದಿಲ್ಲವಂತೆ. ಈ ಧಂದೆಯ ನ್ಯಾಯ ನನಗೆ ಸಾಯುವತನಕ ತಿಳಿಯುವುದಿಲ್ಲ. ಆಕೆ ಮಧ್ಯಾಹ್ನ ಬಂದು ನನ್ನ ಕುರ್ಚಿಯಲ್ಲೇ ಕೂರುತ್ತಾಳೆ. ಚಹಾ ತರಿಸು ಅನ್ನುತ್ತಾಳೆ, ಫ್ಯಾನು ಬಂದ್ ಮಾಡು ಅನ್ನುತ್ತಾಳೆ, ಪುಟ ಕೂಡಿಸುವಾಗ ನನ್ನ ಕೈಗೆ ದೀಪ ಕೊಟ್ಟು ನಿಲ್ಲಿಸುತ್ತಾಳೆ. ರದ್ದಿ ತಂದವರು ಹೊರಗೆ ಕಾಯುತ್ತಾರೆ.

ಮೊನ್ನೆ ಹಾಗೇ ನಿಂತಿದ್ದಾಗ ಫೋನು ಬಂತು. ಯಾರೋ ಧಾರವಾಡದ ಹೆಣ್ಣುಮಗಳು.

"ಇದು ಚಾಂದಿಬಾಯಾರ ಅಂಗಡಿ ಏನ್ರಿ?"

ಇಪ್ಪತ್ತಾರು ವರ್ಷ ಬಾಡಿಗೆ ಕಟ್ಟಿದವನು ನಾನು. ಹೊರಗಿನ ತಗಡಿನ ಮೇಲೆ ಇರುವುದು ನನ್ನ ಹೆಸರು. ಇಲ್ಲ ಎನ್ನಲು ಬಾಯಿ ತೆರೆದೆ. ಚಾಂದಿಬಾಯಿ ಒಂದು ಹರಿದ ಪುಟದ ಮೇಲೆ ಬಾಗಿ, ಸೂಜಿಯ ತುದಿಯಲ್ಲಿ ಒಂದೇ ಒಂದು ಎಳೆ ಹಿಡಿದು, ಉಸಿರು ಬಿಗಿಹಿಡಿದು ಕೂತಿದ್ದಳು.

"ಹೌದ್ರಿ. ಅವರದ ಅಂಗಡಿ" ಅಂದೆ.

ಹೇಳಿದ ಮೇಲೆ ಸಿಟ್ಟು ಬಂದೀತೆಂದು ಕಾದೆ, ಬರಲಿಲ್ಲ. ಫೋನಿಟ್ಟು, ಧಾರವಾಡದಿಂದ ಇನ್ನೊಂದು ಪುಸ್ತಕ ಬರುತ್ತದೆಂದು ಆಕೆಗೆ ಹೇಳಿದೆ.

"ಬರ್ಲಿ" ಅಂದಳು ಚಾಂದಿಬಾಯಿ, ತಲೆ ಎತ್ತದೆ. "ಮೊದ್ಲ ನೀ ಆ ದೀಪಾ ನೆಟ್ಟಗ ಹಿಡಿ."